ಸದ್ದಿಲ್ಲದ ಬೇರಿಂಗ್

ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತಿರುಗುವ ಸದ್ದಿಗಾಗಿ ಅವನು ಕಾಯುತ್ತಿದ್ದ. ಹೆಂಡತಿ ಡಬ್ಬಿಯನ್ನು ಶೆಲ್ಫಿನಿಂದ ಇಳಿಸಿದ್ದು ಕೇಳಿಸಿತ್ತು, ಕಟ್ಟೆಯ ಮೇಲೆ ಇಟ್ಟದ್ದೂ ಕೇಳಿಸಿತ್ತು, ಆಮೇಲೆ ಏನೂ ಇಲ್ಲ. ಪೇಪರ್ ಹಿಡಿದು ಕೂತವನು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದ. ಕೊನೆಗೆ ಹಿಂಬಾಗಿಲು ತೆರೆದ ಸದ್ದು, ಪಕ್ಕದ ಮನೆಯಾಕೆಯ ದನಿ, ಇಬ್ಬರ ನಗು, ಮತ್ತೆ ಬಾಗಿಲು. ಅದಾದ ಮೇಲೆ ಸಕ್ಕರೆಯಲ್ಲಿ ಚಮಚ ಆಡಿತು. ಅಂದರೆ ಮುಚ್ಚಳ ತೆಗೆಸಿಕೊಳ್ಳಲು ಪಕ್ಕದ ಮನೆಗೆ ಹೋಗಿದ್ದಳು. ಗಂಡ ಎನ್ನುವವನು ಇಲ್ಲೇ, ಕರೆದರೆ ಓಗೊಡುವಷ್ಟು ಹತ್ತಿರ, ಕಲ್ಲುಗುಂಡಿನಂತೆ ಕೂತಿದ್ದ. ಕರೆಯಲಿಲ್ಲವೇಕೆ ಎಂದು ಕೇಳೋಣವೆಂದು ಬಾಯಿ ತೆರೆದವನ ಬಾಯಿಂದ ಬಂದದ್ದು ಬೇರೆಯೇ ಮಾತು. "ಕನ್ನಡಕದ ಕಡ್ಡಿ ಲೂಸ್ ಆಗಿದೆ ಅಂತ ಹೋದ ವಾರಾನೇ ಹೇಳಿದ್ದೆ." ಅವಳು ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ತಂದು ಮುಂದಿಟ್ಟಳು. "ನೋಡ್ತೀನಿ ಬಿಡಿ. ಮೊದ್ಲು ಟೀ ಕುಡೀರಿ, ಆರಿಹೋದ್ರೆ ಅದಕ್ಕೂ ನಾನೇ ಹೊಣೆ." ಕನ್ನಡಕದ ಅಂಗಡಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸುವುದು ಅವಳ ಕೆಲಸ. ಊರಿನ ಅರ್ಧ ಮೂಗುಗಳ ಮೇಲೆ ಅವಳ ಕೈಕೆಲಸವಿತ್ತು. ಗಂಡನ ಮೂಗಿನ ಮೇಲಿನದು ಮಾತ್ರ ಒಂದು ಕಡೆಗೆ ಜಾರುತ್ತಿತ್ತು. ಟೀ ಕುಡಿಯುತ್ತಾ ಅವನು ಗಡಿಯಾರದ ಪಕ್ಕದಲ್ಲಿದ್ದ ಮಾತ್ರೆಯ ಪೊಟ್ಟಣವನ್ನು ನೋಡಿದ. ನಿನ್ನೆ ಡಾಕ್ಟರ ಬಳಿಯಿಂದ ತಂದು ಇಟ್ಟ ಜಾಗದಲ್ಲೇ ಇತ್ತು. ಸ್ವಲ್ಪ ಯೋಚನೆ ಮಾಡೋಣ ಎಂದು ನಿನ್ನೆ ಹೇಳಿದವನು ಅವನೇ, ಈವರೆಗೆ ಯೋಚನೆ ಮುಗಿದಿರಲಿಲ್ಲ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತಾಗ ಅವನಿಗೆ ತನ್ನದೇ ಬೆರಳುಗಳು ಕಾಣಿಸಿದವು: ಒಂದೊಂದರಲ್ಲೂ ಮೂರು ಮಡಿಕೆ, ಮಡಿಕೆಯೊಳಗೊಂದು ಕೀಲು, ಇಷ್ಟು ವರ್ಷ ಒಮ್ಮೆಯೂ ಎಣ್ಣೆ ಕೇಳದವು. ಅವನ ಕಾರ್ಖಾನೆ ಬೇರಿಂಗ್ ಮಾಡುತ್ತದೆ. ಫ್ಯಾನಿಗೆ, ಪಂಪಿಗೆ, ತಿರುಗುವ ಯಾವುದಕ್ಕೂ ನಡುವೆ ಬೇಕಾದ ಉಕ್ಕಿನ ಬಳೆ, ಬಳೆಯೊಳಗೊಂದು ಬಳೆ, ನಡುವೆ ಗುಂಡುಗಳು. ಎಷ್ಟೇ ಒಳ್ಳೆಯದಾದರೂ ಅದಕ್ಕೊಂದು ಆಯಸ್ಸು ಬರೆದಿರುತ್ತದೆ, ಗ್ರೀಸು ಒಣಗುತ್ತದೆ. ಕೀಲಿನ ಎಣ್ಣೆಯನ್ನು ಕೀಲೇ ಮಾಡಿಕೊಳ್ಳುತ್ತದಂತೆ, ಡಾಕ್ಟರ್ ಹೇಳಿದ್ದರು. ನೆಗಡಿಯಾಗಿದ್ದ ಡಾಕ್ಟರ್, ಮಾತಿನ ನಡುನಡುವೆ ಬಿಸಿನೀರು ಕುಡಿಯುತ್ತಿದ್ದ ನಡುವಯಸ್ಸಿನ ಹೆಂಗಸು. ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ, "ಬೆಳಿಗ್ಗೆ ಎದ್ದಾಗ ಎಷ್ಟು ಹೊತ್ತು ಬಿಗಿಯಾಗಿರುತ್ತೆ?" ಎಂದು ಕೇಳಿದ್ದರು. "ಮಧ್ಯಾಹ್ನದವರೆಗೆ," ಎಂದಿದ್ದಳು ಹೆಂಡತಿ, ಗಂಡನ ಕಡೆ ನೋಡದೆ. ಮಧ್ಯಾಹ್ನದವರೆಗೆ! ಪಕ್ಕದ ಕುರ್ಚಿಯಲ್ಲಿ ಕೂತವನಿಗೆ ಮುಖಕ್ಕೆ ಹೊಡೆದಂತಾಗಿತ್ತು. ಕಾರ್ಖಾನೆಯಲ್ಲಿ ಅವನಿಗೆ 'ಕಿವಿ' ಎಂದೇ ಹೆಸರು. ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ಒಂದು ಸುತ್ತು ಸುತ್ತಿದರೆ ಒಳಗೆ ಎಲ್ಲಿ ಗೀರಿದೆ ಎಂದು ಹೇಳಬಲ್ಲ ಕಿವಿ. ತನ್ನ ಮನೆಯಲ್ಲಿ ಬೆಳಗಿನ ಪಾತ್ರೆಗಳ ಸದ್ದು ಯಾವಾಗಿನಿಂದ ಕಡಿಮೆಯಾಯಿತೆಂದು ಆ ಕಿವಿಗೆ ಗೊತ್ತಾಗಿರಲಿಲ್ಲ.

"ಮೈಯಲ್ಲಿ ಕಾವಲಿನವರು ಅಂತ ಇರ್ತಾರೆ," ಎಂದಿದ್ದರು ಡಾಕ್ಟರ್, "ಹೊರಗಿನಿಂದ ಬಂದದ್ದನ್ನ ಹಿಡಿದು ಹೊರಗೆ ಹಾಕೋದು ಅವರ ಕೆಲಸ. ಇವರ ಮೈಯಲ್ಲಿ ಅವರು ಸ್ವಂತ ಕೀಲನ್ನೇ ಹೊರಗಿನದು ಅಂದುಕೊಂಡುಬಿಟ್ಟಿದ್ದಾರೆ. ತಿಂತಾ ಇದ್ದಾರೆ." ಆ ಗಳಿಗೆಯಲ್ಲಿ ಹೆಂಡತಿಯ ಕೈ ಹಿಡಿದುಕೊಳ್ಳಬೇಕಿತ್ತು ಎಂದು ಈಗ, ಕಂಬಿ ಹಿಡಿದು ನಿಂತಾಗ ಹೊಳೆಯಿತು. ನಿನ್ನೆ ಅವನು ಮಾಡಿದ್ದು ಕುರ್ಚಿಯ ತುದಿಗೆ ಸರಿದು, "ಅವರಿಗೆ ಕಲಿಸೋದು ಯಾರು?" ಎಂದು ಕೇಳಿದ್ದು. ಲೋಟ ಕೆಳಗಿಟ್ಟು ಡಾಕ್ಟರ್ ನಕ್ಕಿದ್ದರು. ಇಷ್ಟು ವರ್ಷದಲ್ಲಿ ಯಾವ ಗಂಡನೂ ಇದನ್ನು ಕೇಳಿರಲಿಲ್ಲವಂತೆ. ಎದೆಮೂಳೆಯ ಹಿಂದೆ ಒಂದು ಪುಟ್ಟ ಗ್ರಂಥಿ ಇದೆಯಂತೆ, ಅದೇ ಅವರ ಶಾಲೆ. ಹೊಸದಾಗಿ ಹುಟ್ಟಿದ ಕಾವಲಿನವರ ಮುಂದೆ ಮೈಯದೇ ಸಾಮಾನುಗಳ ಮಾದರಿಗಳನ್ನು ಹಿಡಿದು ತೋರಿಸಲಾಗುತ್ತದೆ. ಯಾರು ಅದನ್ನು ಕಚ್ಚಲು ಹೋಗುತ್ತಾರೋ ಅವರನ್ನು ಅಲ್ಲಿಯೇ ಮುಗಿಸಲಾಗುತ್ತದೆ. ಪಾಸಾದವರು ಮಾತ್ರ ಹೊರಗೆ. ಆದರೂ ಕೆಲವರು ತಪ್ಪಿಸಿಕೊಂಡು ಬರುತ್ತಾರೆ, ಕೆಲವರು ಆಮೇಲೆ ಕೆಡುತ್ತಾರೆ. ಅವನ ಕಣ್ಣು ಅರಳಿತ್ತು. ಅಲ್ಲೂ ಮಾದರಿ ಇಟ್ಟು ಪರೀಕ್ಷೆ ಮಾಡುತ್ತಾರೆ! ಪಕ್ಕದಲ್ಲಿ ಹೆಂಡತಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, "ಇವರನ್ನ ಇಲ್ಲೇ ಬಿಟ್ಟುಹೋಗ್ತೀನಿ ಡಾಕ್ಟ್ರೇ, ಪಾಠ ಮುಗಿದಮೇಲೆ ಕಳಿಸಿ," ಎಂದಿದ್ದಳು. ಮೂವರೂ ನಕ್ಕಿದ್ದರು. ನಗು ಮುಗಿದ ಮೇಲೆ ಡಾಕ್ಟರ್ ಮಾತ್ರೆ ಬರೆದಿದ್ದರು. ವಾರಕ್ಕೊಂದು ದಿನ ತೆಗೆದುಕೊಳ್ಳಬೇಕು, ಅದು ಕಾವಲಿನವರ ಕೈ ಕಟ್ಟುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ತಡಮಾಡಬೇಡಿ, ಒಮ್ಮೆ ತಿಂದುಹೋದ ಕೀಲು ಮತ್ತೆ ಬೆಳೆಯುವುದಿಲ್ಲ. ಕಾವಲು ಸಡಿಲಿಸುವುದು ಎಂಬ ಮಾತು ಕೇಳಿಯೇ ಅವನು ಯೋಚನೆ ಮಾಡೋಣ ಎಂದಿದ್ದ. ಅವನ ಇಡೀ ಬದುಕು ಕಾವಲು ಬಿಗಿ ಮಾಡುವುದರಲ್ಲೇ ಕಳೆದಿತ್ತು.

ಗೇಟಿನೊಳಗೆ ಕಾಲಿಟ್ಟಾಗ ಕಾರ್ಖಾನೆ ಬೇರೆಯಾಗಿ ಕಂಡಿತು. ಲಾರಿಯಿಂದ ಉಕ್ಕಿನ ಸರಳುಗಳು ಇಳಿಯುತ್ತಿದ್ದವು, ಅದು ಬಾಯಿ. ಕತ್ತರಿಸುವ ವಿಭಾಗ ಹಲ್ಲು. ಉಗ್ರಾಣ ಯಾವುದು? ಹೊಟ್ಟೆಯ ಸುತ್ತ ತಾನು ಕಟ್ಟಿಕೊಂಡ ಬೊಜ್ಜೇ ಇರಬೇಕು, ಬೇಡಿಕೆಯಿಲ್ಲದೆ ಬಿದ್ದ ದಾಸ್ತಾನು. ಯಂತ್ರಗಳ ಮೇಲೆ ಸುರಿಯುವ ಎಣ್ಣೆ ಕೊಳವೆಗಳಲ್ಲಿ ಹರಿದು, ಕೊಳೆ ಹೊತ್ತು, ಹಿಂಬದಿಯ ತೊಟ್ಟಿಯಲ್ಲಿ ಸೋಸಿ ಮತ್ತೆ ಬರುತ್ತಿತ್ತು. ಇದು ರಕ್ತ, ಅದು ಮೂತ್ರಪಿಂಡ. ಮೂಳೆಯೊಳಗೆ ಎರಡು ತಂಡಗಳಿವೆಯಂತೆ, ಒಂದು ಹಳೆಯದನ್ನು ಒಡೆಯುತ್ತ ಹೋಗುತ್ತದೆ, ಇನ್ನೊಂದು ಹಿಂದೆಯೇ ಕಟ್ಟುತ್ತ ಬರುತ್ತದೆ, ಒಂದು ದಿನವೂ ಉತ್ಪಾದನೆ ನಿಲ್ಲುವುದಿಲ್ಲ. ಇಲ್ಲಿ ಒಂದು ಯಂತ್ರದ ಬೆಲ್ಟ್ ಬದಲಾಯಿಸಲು ಇಡೀ ಸಾಲು ನಿಲ್ಲಿಸಿ ಜಗಳವಾಡುತ್ತಾರೆ. ಇಷ್ಟೆಲ್ಲ ನಡೆಸುವ ಮ್ಯಾನೇಜರ ಕೋಣೆ ಮೈಯಲ್ಲಿ ಎಲ್ಲಿದೆ? ತಲೆಯಲ್ಲಿ ಎಂದುಕೊಂಡಿದ್ದ. ಆದರೆ ತಲೆಗೇನು ಗೊತ್ತು? ಪಿತ್ತಕೋಶ ಯಾವ ಕಡೆ ಇದೆ ಎಂದು ಅವನ ತಲೆಗೆ ತಿಳಿದದ್ದೇ ನಿನ್ನೆ, ಡಾಕ್ಟರ ಗೋಡೆಯ ಚಿತ್ರ ನೋಡಿದಾಗ. ಮ್ಯಾನೇಜರೇ ಇಲ್ಲದ ಕಾರ್ಖಾನೆ! ಈ ಯೋಚನೆ ಅವನಿಗೆ ಎಷ್ಟು ಹಿಡಿಸಿತೆಂದರೆ ಎದುರಿಗೆ ಬಂದ ಮ್ಯಾನೇಜರಿಗೆ ನಮಸ್ಕಾರ ಹೇಳುವುದನ್ನೂ ಮರೆತ.

"ಕಿವಿಯವರೇ, ಸ್ವಲ್ಪ ಈ ಕಡೆ ಕಿವಿ ಕೊಡಿ," ಎಂದ ಮ್ಯಾನೇಜರ್, ಅವನ ತೋಳು ಹಿಡಿದು ಹಿಂದಿನ ಶೆಡ್ಡಿಗೆ ಕರೆದೊಯ್ದ. ಅಲ್ಲಿ ಕೆಂಪು ಟ್ರೇಗಳನ್ನು ಸೂರಿನವರೆಗೆ ಪೇರಿಸಿದ್ದರು. ಕೆಂಪು ಟ್ರೇ ಎಂದರೆ ತಪಾಸಣೆಯಲ್ಲಿ ಬಿದ್ದ ಮಾಲು. "ಫ್ಯಾನ್ ಕಂಪನಿಯವರಿಗೆ ಮಾಲಿಲ್ಲ, ಇಲ್ಲಿ ನೋಡಿದ್ರೆ ಗುಡ್ಡ. ಅಳತೆ ಸರಿ ಇದೆ, ಉಕ್ಕು ಸರಿ ಇದೆ, ನಿಮ್ಮ ತಪಾಸಣೆ ಹುಡುಗಿಯರು ಸದ್ದು ಮಾಡುತ್ತೆ ಅಂತಾರೆ. ನನಗಂತೂ ಏನೂ ಕೇಳಿಸಲ್ಲಪ್ಪ." "ನಿಮಗೆ ಕೇಳಿಸಿದ್ರೆ ನಮ್ಮನ್ನ ಯಾಕೆ ಇಟ್ಕೊಳ್ತಿದ್ರಿ," ಎಂದು ಅವನು ಎಂದಿನಂತೆ ಮಾತು ಹಾರಿಸಿದ. ಕನ್ನಡಕ ಜಾರಿತು, ಬೆರಳಿನಿಂದ ಮೇಲೇರಿಸಿಕೊಂಡ. ಹಲವು ವರ್ಷಗಳ ಹಿಂದೆ, ಗುಂಯ್ ಎನ್ನುತ್ತದೆ ಎಂದು ಒಂದಿಡೀ ಲಾರಿ ಮಾಲು ವಾಪಸು ಬಂದಿತ್ತು, ಎಲ್ಲರೆದುರು ಅವನ ಮಾನ ಹೋಗಿತ್ತು. ಮಾರನೆಯ ದಿನದಿಂದಲೇ, ಬೇರಿಂಗಿನ ಸದ್ದು ಕೇಳುವ ಕೋಣೆಯಲ್ಲಿ, ಅವನು ಒಂದು ಪದ್ಧತಿ ತಂದ. ಅತ್ಯುತ್ತಮವಾದ ಒಂದು ಬೇರಿಂಗನ್ನು ಆರಿಸಿ ಅದಕ್ಕೆ ಮಾಸ್ಟರ್ ಎಂದು ಹೆಸರಿಟ್ಟ. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ತಪಾಸಣೆಯವರೆಲ್ಲ ಅದನ್ನು ತಿರುಗಿಸಿ, ಕಣ್ಣು ಮುಚ್ಚಿ ಕೇಳಬೇಕು. ಅದಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಕೆಂಪು ಟ್ರೇಗೆ. ಅಂದಿನಿಂದ ಒಂದು ಬೇರಿಂಗೂ ವಾಪಸು ಬಂದಿಲ್ಲ. ಕೆಂಪು ಟ್ರೇಗಳು ಮಾತ್ರ ದಿನದಿಂದ ದಿನಕ್ಕೆ, ಕೂದಲು ನೆರೆಯುವಂತೆ, ಯಾರ ಗಮನಕ್ಕೂ ಬಾರದೆ ಹೆಚ್ಚಿದ್ದವು. ತಿಂತಾ ಇದ್ದಾರೆ ಎಂದಿದ್ದರು ಡಾಕ್ಟರ್. ಅವನ ಕೈ ತಾನಾಗಿ ಒಂದು ಟ್ರೇಯನ್ನು ಮುಟ್ಟಿ ನೋಡಿತು.

ಕೇಳುವ ಕೋಣೆಯ ಗೋಡೆಗಳಿಗೆ ಸ್ಪಂಜು ಹೊಡೆದಿತ್ತು. ಒಳಗೆ ಕಾಲಿಟ್ಟರೆ ತನ್ನದೇ ಉಸಿರು ಕೇಳಿಸುತ್ತದೆ. ಅಲ್ಲಿನ ಹಿರಿಯಳಾದ ತಪಾಸಣೆಯಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ವಯಸ್ಸಾದ ಅವನೂ ಹಾಗೆಯೇ ಕರೆಯುತ್ತಿದ್ದ. ಅಕ್ಕ ಆಗತಾನೇ ಮಾಸ್ಟರನ್ನು ತೊಳೆದು, ಒಂದು ಹನಿ ತೆಳು ಎಣ್ಣೆ ಬಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಮಗುವಿಗೆ ಮೈ ಒರೆಸುವ ಹಾಗೆ. "ಅಕ್ಕಾ, ದಿನಾ ಹೀಗೇ ತೊಳೀತೀರಾ?" "ನೀವೇ ತಾನೇ ಹೇಳಿದ್ದು? ಒಂದು ಕಣ ಧೂಳು ಇರಬಾರದು ಅಂತ. ಒಂದು ದಿನ ತಪ್ಪಿಸಿಲ್ಲ." ಅವನ ಮನಸ್ಸಿನಲ್ಲಿ ಏನೋ ಕಚಕ್ಕೆಂದಿತು. ಇವರಿಗೆ ಕಲಿಸೋದು ಯಾರು? ಮಾಸ್ಟರ್. ಮಾಸ್ಟರಿಗೆ? ಬೀರುವಿನ ತಳದಲ್ಲಿ ಮೇಣದ ಕಾಗದ ಸುತ್ತಿದ ಇನ್ನೊಂದು ಬೇರಿಂಗ್ ಇತ್ತು. ಮಾಸ್ಟರಿನ ಜೊತೆಗೇ ಆರಿಸಿ, ಮಾಸ್ಟರ್ ಕಳೆದುಹೋದರೆ ಇರಲಿ ಎಂದು ಅವನೇ ಇಟ್ಟಿದ್ದ ಜೋಡಿ. ಅಂದು ಅವೆರಡರ ನಡುವೆ ಅವನ ಕಿವಿಗೂ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಯಾರಿಗೂ ಹೇಳದೆ ಕಾಗದ ಬಿಡಿಸಿ, ಹನಿ ಎಣ್ಣೆ ಬಿಟ್ಟು, ಅದನ್ನು ಇಂದಿನ ಟ್ರೇಯ ನಡುವೆ ಸೇರಿಸಿ, ಅಕ್ಕನ ಹಿಂದೆ ನಿಂತ. ಅಕ್ಕ ಒಂದೊಂದನ್ನೇ ಸಿಕ್ಕಿಸಿ, ತಿರುಗಿಸಿ, ಕೇಳಿದಳು. ಜೋಡಿಯ ಸರದಿ ಬಂತು. ಅವಳು ಎರಡನೇ ಸಲ ಕೇಳಲೂ ಇಲ್ಲ, ಕೆಂಪು ಟ್ರೇಗೆ ಹಾಕಿದಳು. ಅವನು ಅದನ್ನು ಎತ್ತಿಕೊಂಡು ತಾನೇ ಕೇಳಿದ. ಹೌದು, ಸದ್ದಿತ್ತು. ಒರಟು ಸದ್ದು. ಊರಿಗೆಲ್ಲ ಹೆಸರಾದ ಅವನ ಕಿವಿಯೂ ಅದನ್ನು ಎಸೆಯುತ್ತಿತ್ತು.

ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಂತೋಷ. ಗಂಟು ಬಿಚ್ಚಿದ ಸಂತೋಷ. ಮಾಸ್ಟರ್ ಕೆಟ್ಟಿರಲಿಲ್ಲ, ಅತಿಯಾಗಿ ಒಳ್ಳೆಯದಾಗಿತ್ತು. ಭಾರ ಹೊರದೆ, ಬಿಸಿಯಾಗದೆ, ದಿನಾ ಸ್ನಾನ ಮಾಡಿಸಿಕೊಂಡು, ಬೆರಳುಗಳಲ್ಲಿ ಮೆಲ್ಲಗೆ ತಿರುಗಿ ತಿರುಗಿ, ಯಾವ ಯಂತ್ರವೂ ಕೊಡಲಾರದ ನುಣುಪು ಪಡೆದಿತ್ತು. ಹೊಸದಾಗಿ ಹುಟ್ಟಿದ ಯಾವ ಬೇರಿಂಗೂ ಅದರ ಮುಂದೆ ನಿಲ್ಲುವಂತಿರಲಿಲ್ಲ. ತಪಾಸಣೆಯವರದು ತಪ್ಪಲ್ಲ, ಅವರು ಕಲಿತದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಮ್ಯಾನೇಜರನ್ನು ಕರೆಸಿ ಅವನು ಹೇಳಿದ್ದನ್ನೆಲ್ಲ ಕೇಳಿ ಅಕ್ಕ ಕೆಂಪು ಟ್ರೇಗಳ ಕಡೆ ನೋಡಿ, "ಅಯ್ಯೋ, ಹಾಗಾದ್ರೆ ಅವೆಲ್ಲ ಒಳ್ಳೇವಾ?" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮ್ಯಾನೇಜರ್ ಹೊಟ್ಟೆ ಹಿಡಿದು ನಕ್ಕ. "ಅಂತೂ ಕಿವಿಯವರ ಕಿವೀನೇ ರಿಜೆಕ್ಟ್ ಆಯ್ತು ಅನ್ನಿ." ಬಾಗಿಲಲ್ಲಿ ನಿಂತವರೆಲ್ಲ ನಕ್ಕರು, ಅವನೂ ನಕ್ಕ, ಕಿವಿಗಳು ಮಾತ್ರ ಬಿಸಿಯಾದವು. ಗುಡ್ಡದಲ್ಲಿದ್ದ ಮಾಲನ್ನು ಮತ್ತೆ ಕೇಳಿ ಒಳ್ಳೆಯದನ್ನು ಕಳಿಸಬಹುದು, ಉಳಿದದ್ದನ್ನು ಕರಗಿಸಿ ಸರಳು ಮಾಡಬಹುದು. ಇಲ್ಲಿಗೆ ಅವನ ಹೋಲಿಕೆ ನಿಂತಿತು. ಬೆರಳಿನ ಕೀಲಿಗೆ ಹಿಂದಿನ ಶೆಡ್ಡಿಲ್ಲ. ಅಲ್ಲಿ ಎಸೆದದ್ದನ್ನು ಮತ್ತೆ ಎತ್ತಿಕೊಳ್ಳುವಂತಿಲ್ಲ, ಎಸೆಯುತ್ತಿರುವುದು ಈ ಗಳಿಗೆಯಲ್ಲೂ ನಡೆದಿದೆ, ಮತ್ತು ಮಾತ್ರೆ ಗಡಿಯಾರದ ಪಕ್ಕದಲ್ಲಿದೆ.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಮ್ಮ ಮಡಿಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ ಎಂದು ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೆ ಎಂಬ ಯೋಚನೆ ಎಲ್ಲಿಂದಲೋ ಬಂತು. ಅಮ್ಮ ಲೋಟ ಇಟ್ಟರೆ ಸದ್ದಾಗುತ್ತಿರಲಿಲ್ಲ. ಅಮ್ಮ ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಜಗಳವಲ್ಲ, ಬೈಗುಳವಲ್ಲ, ಬರೀ ಹೋಲಿಕೆ. ಊಟದ ನಡುವೆ, ಬಟ್ಟೆ ಹಾಕಿಕೊಳ್ಳುವಾಗ, ಬಾಗಿಲು ದಾಟುವಾಗ. ಕೇಳಿದ ಹೆಂಡತಿ ಹೌದು ಎನ್ನುತ್ತಿದ್ದಳು, ಕೆಲವು ಸಲ ನಗುತ್ತಿದ್ದಳು. ಅವನು ಕಣ್ಣು ಮುಚ್ಚಿ ನಿಜವಾದ ಅಮ್ಮನನ್ನು ಕೇಳಲು ಪ್ರಯತ್ನಿಸಿದ. ಮೊದಲು ಏನೂ ಕೇಳಿಸಲಿಲ್ಲ, ಅಮ್ಮನ ನೆನಪೂ ಮಾಸ್ಟರಿನಂತೆ ನುಣ್ಣಗೆ ತಿರುಗುತ್ತಿತ್ತು. ಬಸ್ಸು ಗುಂಡಿಗೆ ಬಿದ್ದಾಗ ನೆನಪಿನಲ್ಲೆಲ್ಲೋ ತಟ್ಟೆಗಳು ಕಟ್ಟೆಯಿಂದ ಉರುಳಿದವು. ಆಮೇಲೆ ಅಮ್ಮನ ದನಿ, ಕರ್ಕಶವಾದ ದನಿ, ನಿಮ್ಮಪ್ಪನ ಮನೆಯವರು ಕೊಟ್ಟದ್ದಲ್ಲವೇ, ಒಡೆದುಹೋಗಲಿ ಬಿಡು ಎಂದು. ಒಲೆಯ ಮೇಲೆ ಹಾಲು ಉಕ್ಕಿ ಚುಂಯ್ ಎಂದಿತು. ಇದೆಲ್ಲ ಇತ್ತು! ಅಮ್ಮ ಸದ್ದು ಮಾಡುತ್ತಿದ್ದಳು, ಮನೆ ತುಂಬ ಮಾಡುತ್ತಿದ್ದಳು. ಅವಳು ಹೋದ ಮೇಲೆ ಅವನು ದಿನಾ ಅವಳನ್ನು ತೊಳೆದು ಒರೆಸಿ ಇಟ್ಟಿದ್ದ. ಹೋಲಿಕೆಯಿಂದ ಯಾರ ಬೆರಳೂ ಬಾತುಕೊಳ್ಳುವುದಿಲ್ಲ, ಅದು ಅವನಿಗೆ ಗೊತ್ತು, ಡಾಕ್ಟರನ್ನು ಕೇಳಿದರೆ ಹಣೆ ಚಚ್ಚಿಕೊಂಡಾರು. ಆದರೂ ಇಷ್ಟು ವರ್ಷ ದಿನಾ ಇದು ಸರಿಯಿಲ್ಲ ಎಂದು ಕೇಳಿಸಿಕೊಂಡ ಮೈ, ಒಂದು ದಿನ ತಾನೂ ಹಾಗೇ ಹೇಳಲು ಕಲಿತುಬಿಟ್ಟಿತೇ? ಪ್ರಶ್ನೆಯನ್ನು ತಳ್ಳಿಹಾಕಲು ನೋಡಿದ. ಅದು ಅವನ ಜೊತೆಗೇ ಬಸ್ಸಿಳಿಯಿತು.

ಮನೆಗೆ ಹೋಗುವ ಮುಂಚೆ ಕನ್ನಡಕದ ಅಂಗಡಿಯ ಮುಂದೆ ನಿಂತ. ಜೊತೆಗೇ ಮನೆಗೆ ಹೋಗೋಣ, ದಾರಿಯಲ್ಲಿ ಮಾತ್ರೆಯ ವಿಷಯ ಹೇಳಿಬಿಡೋಣ ಎಂದುಕೊಂಡಿದ್ದ. ಅವಳು ಬೇಗ ಹೊರಟಿದ್ದಳಂತೆ. ಅಂಗಡಿಯವ, ಕೋಲುಮುಖದ ಸಾಧು ಮನುಷ್ಯ, ಅವನ ಕನ್ನಡಕ ಓರೆಯಾಗಿದ್ದುದನ್ನು ನೋಡಿ ತಾನೇ ಕೈ ಚಾಚಿದ. "ಕೊಡಿ ಸಾರ್, ಬಿಗಿ ಮಾಡ್ತೀನಿ. ಈಗ ಸ್ಕ್ರೂ ಕೆಲ್ಸ ನಾನೇ ಮಾಡ್ಕೊಳ್ತೀನಿ, ಮೇಡಮ್ಮು ಗಿರಾಕಿಗಳ ಹತ್ರ ಮಾತಾಡ್ತಾರೆ. ಅವರಿಗೆ ಕೈ ಹಿಡ್ಕೊಳ್ಳತ್ತಲ್ಲ, ಎಷ್ಟೋ ತಿಂಗಳಾಯ್ತು." ನಿಮಗೆ ಗೊತ್ತಿಲ್ವಾ ಎಂದು ಕೇಳುವ ಮುಂಚೆಯೇ ಆ ಸಾಧು ಮನುಷ್ಯನಿಗೆ ಉತ್ತರ ಮುಖದಲ್ಲಿ ಕಂಡಿರಬೇಕು, ತಟ್ಟನೆ ಬೇರೆ ಮಾತು ತೆಗೆದ. ಅವನು ಕನ್ನಡಕ ಕೊಡಲಿಲ್ಲ. ಮನೆಯಲ್ಲಿ ನೋಡ್ಕೊಳ್ತೀವಿ ಎಂದು ಹೇಳಿ ಬಂದ.

ಅವಳು ಕಿಟಕಿಯ ಬಳಿ ಕೂತು ಎರಡೂ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟಿದ್ದಳು. ಅವನನ್ನು ಕಂಡು ತೆಗೆಯಲು ಹೋದಳು. "ಇರಲಿ," ಎಂದ. ಅವನು ಇಡೀ ದಾರಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬರಲಿಲ್ಲ, ಮಾಸ್ಟರಿನ ಕಥೆ ಬಂತು. ತೊಳೆದದ್ದು, ಜೋಡಿ, ಕೆಂಪು ಟ್ರೇ, ಮ್ಯಾನೇಜರ್ ನಕ್ಕದ್ದು, ಎಲ್ಲವನ್ನೂ ಅವಳು ನಡುವೆ ಬಾಯಿ ಹಾಕದೆ ಕೇಳಿದಳು. "ಹಾಗಾದ್ರೆ ಆ ಮಾಸ್ಟರನ್ನ ಏನು ಮಾಡಿದ್ರಿ?" "ಬೀರುವಿನಲ್ಲಿ ಇಟ್ಟೆ. ಎಸೆಯೋಕೆ ಮನಸ್ಸು ಬರಲಿಲ್ಲ." "ಒಳ್ಳೇದು ಮಾಡಿದ್ರಿ. ಅದರದ್ದೇನು ತಪ್ಪು." ಅವನು ಎದುರಿಗೆ ಕೂತು, "ಅಮ್ಮ ತಟ್ಟೆ ಬೀಳಿಸ್ತಿದ್ಲು, ಅಲ್ವಾ?" ಎಂದು ಕೇಳಿದ. ಅವಳು ಅವನನ್ನೇ ನೋಡಿದಳು, ಆಮೇಲೆ ಜೋರಾಗಿ ನಕ್ಕಳು. "ಬೀಳಿಸ್ತಿದ್ರಾ? ನಾನು ಬಂದ ಮೊದಲ ವರ್ಷ ಅತ್ತೆ ಒಡೆದ ಲೋಟಗಳನ್ನೆಲ್ಲ ನಾನು ಒಡೆದೆ ಅಂತ ನಿಮಗೆ ಹೇಳ್ತಿದ್ದೆ. ಮಗ ನನ್ನನ್ನ ಏನು ಅಂದ್ಕೊಳ್ತಾನೋ ಅಂತಿದ್ರು, ಪಾಪ." ಅವನಿಗೂ ನಗು ಬಂತು. ಅಮ್ಮನೂ ಅವನಿಂದ ಅಡಗಿಸುತ್ತಿದ್ದಳು.

"ಯೋಚನೆ ಮಾಡಿದೆ," ಎಂದ, "ಮಾತ್ರೆ ಶುರು ಮಾಡೋಣ. ನಾನು ತಡ ಮಾಡಿದ್ದು ತಪ್ಪು. ನೀನು ನನ್ನ ಮಾತಿಗೆ ಕಾಯ್ತಾ ಕೂತ್ಕೊಂಡು..." ಅವಳು ನೀರಿನಲ್ಲಿ ಬೆರಳಾಡಿಸಿದಳು. ಅವನು ಎದ್ದು ಹೋಗಿ ಗಡಿಯಾರದ ಪಕ್ಕದಿಂದ ಪೊಟ್ಟಣ ತೆಗೆದ. ಒಳಗಿನ ಹಾಳೆಯನ್ನು ಎಳೆದಾಗ ಅಭ್ಯಾಸಬಲದಿಂದ ಬೆಳಕಿಗೆ ಹಿಡಿದ. ಮೊದಲ ಮಾತ್ರೆಯ ಗುಳ್ಳೆ ಅಪ್ಪಚ್ಚಿಯಾಗಿತ್ತು. ಬೆಳ್ಳಿ ಹಾಳೆಯ ತುಂಬ ಉಗುರಿನ ಗೀರುಗಳು, ಅಂಚಿನಲ್ಲಿ ಹಲ್ಲಿನ ಗುರುತು, ಒಂದು ಮೂಲೆಯಲ್ಲಿ ಚಮಚದ ಹಿಡಿಯಿಂದ ಒತ್ತಿದ ಗುಳಿ. ಒಳಗೆ ಮಾತ್ರೆ ಅಲ್ಲಾಡದೆ ಕೂತಿತ್ತು. ಅವನು ತಿರುಗಿ ನೋಡಿದ. "ನಿನ್ನೆ ನೀವು ಸ್ನಾನಕ್ಕೆ ಹೋದಾಗಲೇ ತಗೊಳ್ಳೋಣ ಅಂತಿದ್ದೆ," ಎಂದಳು, "ನಿಮ್ಮ ಮಾತಿಗೆ ಯಾರು ಕಾಯ್ತಾರೆ? ಬಿಡಿಸೋಕೆ ಆಗಲಿಲ್ಲ. ಇವತ್ತು ಬೆಳಿಗ್ಗೇನೂ ನೋಡ್ದೆ." "ಪಕ್ಕದ ಮನೆಯವರನ್ನ ಕೇಳಬಹುದಿತ್ತಲ್ಲ?" "ಸಕ್ಕರೆ ಡಬ್ಬಿ ಆದ್ರೆ ಕೇಳಬಹುದು." "ನನ್ನನ್ನ?" ಅವಳು ಒದ್ದೆ ಕೈಗಳನ್ನು ಎತ್ತಿ ಟವೆಲಿನ ಮೇಲೆ ಇಟ್ಟುಕೊಂಡಳು, ಮೊದಲ ಸಲ ಅವನ ಕಣ್ಣೆದುರಿಗೆ, ಮುಚ್ಚಿಕೊಳ್ಳದೆ. ಗೆಣ್ಣುಗಳು ಕೆಂಪಗೆ ಬಾತಿದ್ದವು, ತೋರುಬೆರಳು ಆಗಲೇ ಸ್ವಲ್ಪ ಓರೆಗೆ ವಾಲಿತ್ತು. ಅವನ ಕಣ್ಣಿಗೆ ಆ ಓರೆ ಎಷ್ಟು ಎಂದು ತಟ್ಟನೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಅವನಿಗೆ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂತು.

ಎರಡನೆಯ ಗುಳ್ಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಅದು ಜಗ್ಗಲಿಲ್ಲ. ಯಾವುದೋ ಊರಿನ ಯಾವುದೋ ಕಾರ್ಖಾನೆಯಲ್ಲಿ, ತನ್ನಂಥವನೇ ಒಬ್ಬ, ಈ ಹಾಳೆಯನ್ನು ಎಳೆದು ನೋಡಿ ಗಟ್ಟಿಯಾಗಿದೆ ಎಂದು ತಲೆದೂಗಿ ಪಾಸು ಮಾಡಿರಬೇಕು. ಆ ಕಾರ್ಖಾನೆಯವನ ಮಾಸ್ಟರ್ ಹಾಳೆಯನ್ನು ಬಿಡಿಸಿ ನೋಡಿದ್ದು ಎಂಥವರ ಕೈ? ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಾಗ ಹಾಳೆ ಪಟ್ಟೆಂದು ಹರಿಯಿತು, ಮಾತ್ರೆ ಹಾರಿ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಅವನು ಮಂಡಿಯೂರಿ ತಲೆ ತಗ್ಗಿಸಿದ, ಕನ್ನಡಕವೂ ಜಾರಿ ಬಿತ್ತು. ಕುರುಡನಂತೆ ನೆಲ ತಡಕುತ್ತಿದ್ದವನ ಹಿಂದಿನಿಂದ ಅವಳ ನಗು ಕೇಳಿಸಿತು. "ಬಿದ್ದದ್ದು ಬೇಡ, ಇನ್ನೊಂದು ಬಿಡಿಸಿ. ನಿಧಾನಕ್ಕೆ." ಅವನು ಮತ್ತೊಂದನ್ನು ಬಿಡಿಸಿದ. ಈ ಸಲ ಅಂಗೈಯಲ್ಲೇ ಹಿಡಿದ. ಅವಳ ಬೆರಳುಗಳು ಅದನ್ನು ಹೆಕ್ಕಲು ಬಂದವು, ಒಮ್ಮೆ ಜಾರಿದವು, ಇನ್ನೊಮ್ಮೆ ಜಾರಿದವು. ಅವನು ನಾನು ಕೊಡ್ತೀನಿ ಎನ್ನಲಿಲ್ಲ, ಹೀಗೆ ಹಿಡಿ ಎಂದೂ ಎನ್ನಲಿಲ್ಲ. ಅಂಗೈಯನ್ನು ಅಲ್ಲಾಡಿಸದೆ ಹಿಡಿದುಕೊಂಡು, ಅವಳು ಎತ್ತಿಕೊಳ್ಳುವವರೆಗೆ ಕೂತಿದ್ದ.